ಮೂರೂವರೆ

"ಭುಜ ಹೆಂಗೈತಿ ಇವತ್ತು?"

ಬೀರಲಿಂಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಹಾಗೆ ಕೇಳುವವರೆಗೂ ಸುಧಾರಾಣಿಯ ಬಲಭುಜದಲ್ಲಿ ನೋವಿರಲಿಲ್ಲ. ಕೇಳಿದ ಮೇಲೆ ಬಂತು. ನಿಜವಾಗಿ ಬಂತೋ, ಬರಲೆಂದು ತಾನೇ ಕರೆದಳೋ ಎಂದು ನೋಡಲು, ಚಹಾ ಸೋಸುತ್ತಿದ್ದವಳು ಪಾತ್ರೆಯನ್ನು ಕೆಳಗಿಟ್ಟು ಭುಜವನ್ನು ಒಮ್ಮೆ ಮೇಲೆತ್ತಿ ಇಳಿಸಿದಳು. ಎಲುಬಿಗೆ ಪ್ಲೇಟು ಹಾಕಿದ ಜಾಗದಲ್ಲಿ, ಯಾರೋ ಒಳಗಿನಿಂದ ಬೆರಳಿಟ್ಟಂತೆ ಸಣ್ಣ ಒತ್ತಡ. ಅದು ನೋವೋ ನೋವಿನ ನೆನಪೋ ಹೇಳಬಲ್ಲ ಪರೀಕ್ಷೆ ಯಾವುದೂ ಇರಲಿಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಹುಡುಗಿಯರಿಗೆ ಲವಣಗಳನ್ನು ಗುರುತಿಸಲು ಕಲಿಸುವವಳಿಗೆ ತನ್ನ ಮೈ ಆಡಿದ ಒಂದು ಮಾತು ಖರೆಯೋ ಸುಳ್ಳೋ ಗೊತ್ತಾಗುತ್ತಿರಲಿಲ್ಲ. "ಅಷ್ಟ ಐತ್ರಿ," ಎಂದಳು. ಇತ್ತೀಚೆಗೆ ಅವಳು ಕಂಡುಕೊಂಡ ಉತ್ತರ ಅದು. ಸುಳ್ಳೂ ಅಲ್ಲ, ಖರೆಯೂ ಅಲ್ಲ. ಬೀರಲಿಂಗ ತಲೆಯಾಡಿಸಿ, ಬಿಸಿನೀರಿನ ಚೀಲವನ್ನು ಟವೆಲಿನಲ್ಲಿ ಸುತ್ತಿ, ರ‍್ಯಾಕೆಟ್ಟಿನ ಚೀಲದೊಳಗೆ ಜೋಪಾನವಾಗಿ ಇಟ್ಟ. ಅವನ ಅಗಲವಾದ ಬೆನ್ನನ್ನು ನೋಡುತ್ತ ಅವಳು, ತಾನು ಸ್ಕೂಟರಿನಿಂದ ಬೀಳುವುದಕ್ಕೆ ಮುಂಚೆ ಈ ಮನುಷ್ಯ ಬೆಳಿಗ್ಗೆ ಏಳುತ್ತಲೇ ಏನು ಕೇಳುತ್ತಿದ್ದ ಎಂದು ನೆನಪಿಸಿಕೊಳ್ಳಲು ನೋಡಿದಳು. ಸಾಕ್ಸ್ ಎಲ್ಲಿ. ಕರೆಂಟ್ ಬಂತೇನು. ಅದಕ್ಕಿಂತ ಹೆಚ್ಚಿನದೇನೂ ನೆನಪಿಗೆ ಬರಲಿಲ್ಲ.

ಅವನು ಕೆರೂರಿನ ಸರಕಾರಿ ಪಶು ದವಾಖಾನೆಯ ಡಾಕ್ಟರು. ದಿನವೆಲ್ಲ ಕುರಿ, ಎಮ್ಮೆ, ಎತ್ತುಗಳ ಮೈಮೇಲೆ ಕೈಯಾಡಿಸಿ, ಅವುಗಳ ಹೊಟ್ಟೆಗೆ ಕಿವಿಯಿಟ್ಟು ಕೇಳಿ, ಸಂಜೆ ಬಾಗಲಕೋಟೆಯ ನವನಗರದ ಮನೆಗೆ ಬಂದರೆ ಮಾತೆಲ್ಲ ಮುಗಿದವನಂತೆ ಫೋನು ಹಿಡಿದು ಕೂರುತ್ತಿದ್ದ. ಎರಡು ವರ್ಷದ ಹಿಂದೆ ಕೆರೂರಿನ ದಾರಿಯ ಉಸುಕಿನಲ್ಲಿ ಅವನ ಸ್ಕೂಟರು ಜಾರಿತು. ಅವನಿಗೆ ಮೊಣಕೈ ತರಚಿತು, ಹಿಂದೆ ಕೂತಿದ್ದ ಅವಳ ಭುಜ ಮುರಿಯಿತು. ದವಾಖಾನೆಯಿಂದ ಮನೆಗೆ ಬಂದ ಮೊದಲ ಬೆಳಿಗ್ಗೆ, ಎಡಗೈಯೊಂದರಿಂದಲೇ ಬಾಚಿಕೊಳ್ಳಲು ಒದ್ದಾಡುತ್ತಿದ್ದ ಅವಳ ಕೈಯಿಂದ ಅವನು ಬಾಚಣಿಗೆ ತೆಗೆದುಕೊಂಡ. ಹೆಣೆಯಲು ಬರದೆ ಎಮ್ಮೆಗೆ ಹಗ್ಗ ಬಿಗಿದಂತೆ ಅವಳ ಕೂದಲಿಗೆ ಗಂಟು ಹಾಕಿದ. ಆ ಗಂಟು ಬಿಡಿಸಲಾಗದೆ ಇಬ್ಬರೂ ನಕ್ಕದ್ದು, ನಗುತ್ತ ನಗುತ್ತ ಅವನು ಅವಳ ಕುತ್ತಿಗೆಯ ಹಿಂಬದಿಗೆ ಹಣೆ ಹಚ್ಚಿ ಸುಮ್ಮನೆ ನಿಂತುಬಿಟ್ಟದ್ದು, ಅಲ್ಲಿ ತೇವ ತಗುಲಿದ್ದು. ಅಲ್ಲಿಯವರೆಗಿನ ಹದಿನಾಲ್ಕು ವರ್ಷದ ಸಂಸಾರದಲ್ಲಿ ಅಷ್ಟು ಹತ್ತಿರ ಅವನು ಎಂದೂ ನಿಂತಿರಲಿಲ್ಲ. ಅದಕ್ಕೊಂದು ಎಲುಬು ಮುರಿಯಬೇಕಾಯಿತು ಎಂಬುದು ಅವಳಿಗೆ ಆಗ ದುಬಾರಿ ಎನಿಸಿರಲಿಲ್ಲ.

ಕಾರು ನವನಗರ ದಾಟುತ್ತಿದ್ದಂತೆ ಫೋನು ಗುಂಯ್ ಎಂದಿತು. ಟೆನ್ನಿಸ್ ತಂಡದ ನಾಯಕಿ ಶಹರಬಾನು. ನವನಗರದ ಬಸ್‌ಸ್ಟ್ಯಾಂಡಿನ ಬಳಿ ಔಷಧದ ಅಂಗಡಿ ನಡೆಸುವ ಆಕೆ ಮೊದಲ ಬಸ್ಸಿಗೇ ಇಳಕಲ್ಲು ಮುಟ್ಟಿದ್ದಳು. "ಸುಧಾ ಮೇಡಂ, ಒಂದ ಮಾತ ಹೇಳ್ತೇನಿ, ಗಾಬರಿ ಆಗಬ್ಯಾಡ್ರಿ. ದರ್ಜೆ ನೋಡೂ ಮಲೀಕಸಾಬ ಮಾಸ್ತರು ಬಂದಾರ. ಬದಾಮಿಯವ್ರು ನಿಮ್ಮ ಮ್ಯಾಲೆ ತಕರಾರ ಕೊಟ್ಟಾರಂತ. ಗೆಲ್ಲ್ರಿ. ಆದ್ರ ಭಾಳ ಗೆಲ್ಲಬ್ಯಾಡ್ರಿ." ಸುಧಾರಾಣಿ ಹೂಂ ಎಂದು ಫೋನು ಇಟ್ಟಳು. ಬೀರಲಿಂಗ ಏನೂ ಕೇಳಲಿಲ್ಲ. ಸ್ಕೂಟರು ಮಾರಿ ಕಾರು ತೆಗೆದುಕೊಂಡ ಮೇಲೆ ಅವನು ಎರಡೂ ಕೈ ಚಕ್ರದ ಮೇಲಿಟ್ಟು, ಎದುರಿನ ಡಾಂಬರು ತನ್ನ ವೈರಿ ಎಂಬಂತೆ ದಿಟ್ಟಿಸುತ್ತ, ಎತ್ತಿನಗಾಡಿಯವರೂ ನಗುವಷ್ಟು ನಿಧಾನ ಓಡಿಸುತ್ತಿದ್ದ.

ಭಾಳ ಗೆಲ್ಲಬಾರದು. ಬಾಗಲಕೋಟೆ, ಬದಾಮಿ, ಹುನಗುಂದ, ಇಳಕಲ್ಲು ಈ ನಾಲ್ಕು ಊರುಗಳ ಟೆನ್ನಿಸ್ ಲೀಗಿನಲ್ಲಿ ಪ್ರತಿಯೊಬ್ಬರಿಗೂ ಒಂದು ದರ್ಜೆ. ಈಗಷ್ಟೇ ಕಲಿತವರು ಎರಡೂವರೆ, ಚೆಂಡನ್ನು ಬಿಡದೆ ಮರಳಿಸಬಲ್ಲವರು ಮೂರು, ಹೊಡೆತದಲ್ಲಿ ಬಿರುಸೂ ಗುರಿಯೂ ಇರುವವರು ಮೂರೂವರೆ, ಅದರ ಮೇಲಿನವರು ನಾಲ್ಕು. ಮೂರರವರು ಮೂರರವರೊಡನೆಯೇ ಆಡಬೇಕು. ಬೀಳುವ ಮೊದಲು ಸುಧಾರಾಣಿ ಮೂರೂವರೆಯಾಗಿದ್ದಳು. ಭುಜ ಮುರಿದ ಮೇಲೆ ಡಾಕ್ಟರ ಚೀಟಿ ಲಗತ್ತಿಸಿ, ತನ್ನ ದರ್ಜೆಯನ್ನು ಅರ್ಧ ಇಳಿಸಬೇಕೆಂದು ಬೇಡಿಕೊಂಡಿದ್ದಳು. ಇಳಿಸಿದರು. ಆಗ ಅದು ನ್ಯಾಯವಾಗಿಯೇ ಇತ್ತು. ಕೈ ತಲೆಯ ಮೇಲೆ ಹೋಗುತ್ತಿರಲಿಲ್ಲ, ಸರ್ವ್ ಮಾಡುವಾಗ ಅರ್ಧಕ್ಕೇ ಕೈ ನಿಲ್ಲಿಸಿ ಚೆಂಡನ್ನು ತಳ್ಳುತ್ತಿದ್ದಳು. ಆದರೆ ಕಳೆದ ದಸರೆಯ ರಜೆಯಲ್ಲಿ ಒಂದು ಸಂಜೆ, ನವನಗರದ ಕೋರ್ಟಿನಲ್ಲಿ ಯಾರೂ ಇಲ್ಲದಾಗ, ಏನು ತೋಚಿತೋ ಏನೋ, ಚೆಂಡನ್ನು ಮೇಲೆಸೆದು ಕೈಯನ್ನು ಪೂರ್ತಿ ಎತ್ತಿ ಹೊಡೆದಿದ್ದಳು. ಚೆಂಡು ಎದುರು ಚೌಕದ ಮೂಲೆಗೆ ಬಡಿದು ಬೇಲಿಗೆ ಹೋಗಿ ಸಿಕ್ಕಿಕೊಂಡಿತು. ಮೈಯಲ್ಲಿ ಎಲ್ಲೂ ಏನೂ ಆಗಲಿಲ್ಲ. ಸಂತೋಷಪಡಬೇಕಿದ್ದವಳು ಕಳ್ಳಿಯಂತೆ ಸುತ್ತ ನೋಡಿದಳು. ಚೆಂಡನ್ನು ಬೇಲಿಯಿಂದ ಕಿತ್ತುಕೊಂಡು ಮನೆಗೆ ಹೋದಳು. ಆ ರಾತ್ರಿ ಬೀರಲಿಂಗ ಎಣ್ಣೆ ಬೆಚ್ಚಗೆ ಮಾಡಿ ತಂದಾಗ, ಏನೂ ಅನ್ನದೆ ಬೆನ್ನು ತಿರುಗಿಸಿ ಕೂತಳು.

ಆಮೇಲೆ ಲೀಗು ಶುರುವಾಯಿತು. ಅವಳು ಅದೇ ಅರ್ಧ ಸರ್ವಿನಲ್ಲಿ ಆಡಿ, ಬೇಕಾದಷ್ಟೇ ಗೆದ್ದಳು. ಯಾರಿಗೆ ಎಷ್ಟು ಗೇಮು ಬಿಡಬೇಕು, ಯಾವ ಚೆಂಡನ್ನು ನೆಟ್ಟಿಗೆ ಹೊಡೆಯಬೇಕು ಎಂಬುದು ಉಪ್ಪು ಹಾಕಿದಷ್ಟು ಸಹಜವಾಗಿ ಕೈಗೆ ಬಂದಿತ್ತು. ಬದಾಮಿಯಲ್ಲಿ ಮಾತ್ರ ಒಬ್ಬ ಹೆಂಗಸು ಅವಳನ್ನು ನೋಡಿ "ಭುಜಾ ಇಲ್ಲದವ್ರ ಜೋಡಿ ಏನ್ ಆಡೂದು" ಎಂದು ಯಾರಿಗೋ ಹೇಳಿದ್ದು ಕಿವಿಗೆ ಬಿದ್ದು, ಸಿಟ್ಟಿನಲ್ಲಿ ಕೈ ಸ್ವಲ್ಪ ಜಾಸ್ತಿಯೇ ಎದ್ದಿತ್ತು. ಇವತ್ತಿನ ತಕರಾರು ಅದರದೇ. ದರ್ಜೆ ಸುಳ್ಳೆಂದು ಮಲೀಕಸಾಬರಿಗೆ ಕಂಡರೆ ಅವಳ ಈ ವರ್ಷದ ಗೆಲುವುಗಳೆಲ್ಲ ಅಳಿಸಿಹೋಗುತ್ತವೆ. ಅವುಗಳ ಜೊತೆಗೆ ತಂಡ ಕೊನೆಯ ಸುತ್ತಿಗೆ ಹೋಗುವ ಆಸೆಯೂ. ಅಂಗಡಿಯ ಬಾಗಿಲು ಎಳೆದು ರವಿವಾರಕ್ಕೊಮ್ಮೆ ಮನುಷ್ಯಳಾಗುತ್ತೇನೆ ಎನ್ನುವ ಶಹರಬಾನುವಿನ ಮುಖ ಕಣ್ಣ ಮುಂದೆ ಬಂತು. ಆದರೆ ಅವಳ ಅಂಜಿಕೆ ಅದರದಲ್ಲ. ಮೂರೂವರೆ ಎಂದು ಯಾರಾದರೂ ಬಾಯಿಬಿಟ್ಟು ಹೇಳಿದರೆ, ಪಕ್ಕದಲ್ಲಿ ಕೂತು ಚಕ್ರ ಹಿಡಿದ ಈ ಮನುಷ್ಯ ಅದನ್ನು ಕೇಳಿಸಿಕೊಳ್ಳುತ್ತಾನೆ. ನಾಳೆ ಬೆಳಿಗ್ಗೆ ಬಾಗಿಲಲ್ಲಿ ನಿಲ್ಲಲು ಅವನಿಗೆ ಕಾರಣವಿರುವುದಿಲ್ಲ.

ಇಳಕಲ್ಲಿನ ಕೋರ್ಟಿನ ಸುತ್ತ ಕೂರಲು ಬೆಂಚುಗಳಿಲ್ಲ. ಪಾಲಿಶ್ ಕಾರ್ಖಾನೆಗಳಲ್ಲಿ ಮಿಕ್ಕಿದ ಕೆಂಪು ಗ್ರಾನೈಟಿನ ತುಂಡುಗಳನ್ನು ಸಾಲಾಗಿ ಹಾಕಿದ್ದರು. ಹಿಂದಿನ ಓಣಿಯಿಂದ ಪವರ್‌ಲೂಮಿನ ಸದ್ದು ಎಡೆಬಿಡದೆ ಬರುತ್ತಿತ್ತು. ಮಲೀಕಸಾಬ ಮಾಸ್ತರು ನಡುವಿನ ಕಲ್ಲಿನ ಮೇಲೆ ಕೂತಿದ್ದರು. ಹುನಗುಂದದ ಸಾಲೆಯಲ್ಲಿ ಆಟ ಕಲಿಸಿ ನಿವೃತ್ತರಾದ ಅವರು ಈಗ ಲೀಗಿನ ದರ್ಜೆ ನೋಡುವವರು. ತೊಡೆಯ ಮೇಲೆ ಕೈಯಿಟ್ಟು, ಯಾರ ಕಡೆಗೂ ನಗದೆ, ಕಣ್ಣು ಮಾತ್ರ ಹೊರಳಿಸುತ್ತಿದ್ದರು. ಸುಧಾರಾಣಿ ನಮಸ್ಕಾರ ಮಾಡಿದಾಗ ಅವರ ನೋಟ ಅವಳ ಮುಖಕ್ಕೆ ಬರುವ ಮೊದಲು ಭುಜಕ್ಕೆ ಹೋಗಿ ಬಂತು. "ಆರಾಮ ಅದೀರೇನ್ರಿ?" ಎಂದರು. ಎಲ್ಲರೂ ಎಲ್ಲರಿಗೂ ಕೇಳುವ ಮಾತು. ಆದರೂ ಹೌದೆಂದರೆ ಒಂದು ಒಪ್ಪಿಗೆ, ಇಲ್ಲವೆಂದರೆ ಇನ್ನೊಂದು ಎಂದು ಅವಳು ಬರೀ ಕತ್ತು ಆಡಿಸಿದಳು.

ಎದುರಾಳಿ ಸುನಿತಾ, ಇಳಕಲ್ಲಿನ ನೇಕಾರ ಮನೆತನದ ಸೊಸೆ. ಸಣ್ಣ ವಯಸ್ಸಿನವಳು. ಮನೆಯ ಸೀರೆಗಳ ಫೋಟೋ ತೆಗೆದು ಫೋನಿನಲ್ಲಿ ಮಾರುವ ಕೆಲಸ ಅವಳದು. ಟೆನ್ನಿಸ್ ಕಲಿತು ಬಹಳ ದಿನವಾಗಿರಲಿಲ್ಲ. ಅವಳ ಅತ್ತೆ ಶೇಖವ್ವ, ಓಣಿಯ ನಾಲ್ಕಾರು ಹೆಂಗಸರನ್ನು ಕರೆದುಕೊಂಡು ಬಂದು ಕಲ್ಲಿನ ಮೇಲೆ ಕೂತಿದ್ದಳು. ಸೊಸೆ ಆಡುವುದನ್ನು ನೋಡಲು ಅವಳು ಬಂದದ್ದು ಅದೇ ಮೊದಲು. ಸುನಿತಾ ಆ ಕಡೆ ನೋಡಿ ನೋಡಿ ಸೆರಗಿಲ್ಲದ ಟೀಶರ್ಟನ್ನು ಕೆಳಗೆ ಎಳೆದುಕೊಳ್ಳುತ್ತಿದ್ದಳು.

ಮೊದಲ ಸೆಟ್ಟು ಅಂದುಕೊಂಡಂತೆಯೇ ನಡೆಯಿತು. ಹುಡುಗಿ ಚೆನ್ನಾಗಿ ಓಡುತ್ತಿದ್ದಳು, ಚೆಂಡನ್ನು ಹಟದಿಂದ ಮರಳಿಸುತ್ತಿದ್ದಳು, ಆದರೆ ಬಿರುಸು ಇರಲಿಲ್ಲ. ಸುಧಾರಾಣಿ ಮೂರು ಗೇಮು ಗೆದ್ದು ಒಂದು ಬಿಟ್ಟಳು, ಮತ್ತೆ ಎರಡು ಗೆದ್ದು ಇನ್ನೆರಡು ಬಿಟ್ಟಳು. ಮಲೀಕಸಾಬರ ಕಣ್ಣು ತನ್ನ ಮೈಮೇಲೆ ಇರುವುದು ಚರ್ಮಕ್ಕೆ ಗೊತ್ತಾಗುತ್ತಿತ್ತು. ತಪ್ಪು ಹೊಡೆಯುವುದು ಸರಿ ಹೊಡೆಯುವುದಕ್ಕಿಂತ ಕಷ್ಟದ ಕೆಲಸ. ಮೊಣಕೈ ಎಷ್ಟು ಮಡಚಬೇಕು, ಹೊಡೆದ ಮೇಲೆ ಮುಖ ಎಷ್ಟು ಸಣ್ಣ ಮಾಡಿಕೊಳ್ಳಬೇಕು ಎಂಬ ಲೆಕ್ಕದಲ್ಲಿ ಅವಳು ಬೆವೆತಳು. ಆರು–ನಾಲ್ಕು. ಬದಿ ಬದಲಿಸುವಾಗ ನೀರಿನ ಕೊಡದ ಹತ್ತಿರ ಸುನಿತಾ ಬಂದು ನಿಂತಳು. ನೀರು ಕುಡಿಯಲಿಲ್ಲ.

"ಅಕ್ಕಾರ," ಎಂದಳು ಮೆಲ್ಲಗೆ, "ನಾ ಗೆದ್ದ ಕಡೀ ಗೇಮ್ ನೀವ ಬಿಟ್ರಿ."

"ಇಲ್ಲವಾ. ತಪ್ಪಿತು."

"ತಪ್ಪಿದ್ದು ಬ್ಯಾರೆ ಇರತೈತ್ರಿ. ನಮ್ಮ ಅತ್ತಿ ಕುಂತಾಳ, ನಾ ಗೆದ್ದೆ ಅಂತ ಚಪ್ಪಾಳಿ ಹೊಡದ್ಲು. ನನಗ ಹೆಂಗ ಆಗಿರಬೇಕು ಹೇಳ್ರಿ."

ಆಗ ಸುಧಾರಾಣಿಯ ಬಾಯಿಂದ ಆ ಮಾತು ಬಂತು. ಹುಡುಕುವ ಮೊದಲೇ, ಎಷ್ಟೋ ತಿಂಗಳಿಂದ ನಾಲಿಗೆಯ ತುದಿಯಲ್ಲೇ ಕೂತಿದ್ದಂತೆ. "ಭುಜಾ ನೋಡವಾ. ನಡುನಡುವ ಹಿಡೀತೈತಿ. ಪ್ಲೇಟ್ ಹಾಕ್ಯಾರ."

ಸುನಿತಾಳ ಮುಖ ಕಣ್ಣೆದುರೇ ಬದಲಾಯಿತು. ಸಿಟ್ಟು ಇಳಿದು, ಆ ಜಾಗದಲ್ಲಿ ಒಂದು ಮೃದುವಾದ ನಾಚಿಕೆ ಬಂದು ನಿಂತಿತು. "ಅಯ್ಯ, ನನಗ ಗೊತ್ತಿರಲಿಲ್ರಿ ಅಕ್ಕಾರ. ನಾ ಏನೇನರ ಅಂದೆ," ಎಂದು ತನ್ನ ಟವೆಲನ್ನೇ ಚಾಚಿದಳು. ಅಷ್ಟರಲ್ಲಿ ಬೇಲಿಯಾಚೆ ನಿಂತಿದ್ದ ಬೀರಲಿಂಗನಿಗೆ ಭುಜ ಎನ್ನುವ ಮಾತು ಕೇಳಿಸಿ, ಅವನು ಯಾರನ್ನೂ ಕೇಳದೆ ಗೇಟು ತೆಗೆದು ಒಳಗೆ ಬಂದ. ಎಲ್ಲರೂ ನೋಡುತ್ತಿದ್ದರು: ಶೇಖವ್ವ, ಓಣಿಯ ಹೆಂಗಸರು, ಎದ್ದು ನಿಂತ ಶಹರಬಾನು, ಕಲ್ಲಿನಂತೆ ಕೂತ ಮಲೀಕಸಾಬರು. ಅವನು ಅವಳ ಹಿಂದೆ ನಿಂತು ಭುಜದ ಮೇಲೆ ಕೈಯಿಟ್ಟ. ಹೆಬ್ಬೆರಳು ಎಲುಬಿನ ಗುಂಟ ನಿಧಾನ ಸರಿಯಿತು. ಗಾಬರಿಯಾದ ದನದ ಮೈಯಲ್ಲಿ ಬಾವು ಹುಡುಕುವ ಬೆರಳು ಅದು. ಅದಕ್ಕೆ ಸುಳ್ಳು ಹೇಳುವುದು ಸಾಧ್ಯವಿಲ್ಲ ಎಂದು ಅವಳಿಗೆ ಆ ಕ್ಷಣ ತಿಳಿಯಿತು. ಪ್ಲೇಟಿನ ಜಾಗದಲ್ಲಿ ಬೆರಳು ಒತ್ತಿತು. ಅವಳು ಹಾ ಎಂದಳು. ಒತ್ತಿ ಬಿಟ್ಟ ಮೇಲೆ ಎಂದಳು. ಬೆರಳು ಒಂದು ಗಳಿಗೆ ಅಲ್ಲಿಯೇ ನಿಂತಿತು. ಅವಳು ತಿರುಗಿ ಅವನ ಮುಖ ನೋಡಿದಳು. ಅವನಿಗೆ ಗೊತ್ತಿತ್ತು. ಈಗ ಗೊತ್ತಾದದ್ದಲ್ಲ, ಮೊದಲೇ ಗೊತ್ತಿತ್ತು. ಆ ಕಣ್ಣುಗಳಲ್ಲಿ ಆಶ್ಚರ್ಯವೇ ಇರಲಿಲ್ಲ. ಅವನು ಮಲೀಕಸಾಬರ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದ: "ಮಾಸ್ತರ, ಸ್ವಲ್ಪ ಹೊತ್ತು ಕೊಡ್ರಿ. ಆಕಿಗೆ ಭಾಳ ತ್ರಾಸ ಆಗೇತಿ."

ಮಾಸ್ತರು ಆಗಲಿ ಎಂದರು. ಸುಧಾರಾಣಿ ಬಿಸಿನೀರಿನ ಚೀಲ ಒತ್ತಿಕೊಂಡು ಕಲ್ಲಿನ ಮೇಲೆ ಕೂತಳು. ಬಿಸಿಲಿಗೆ ಕಲ್ಲು ಕಾಯತೊಡಗಿತ್ತು. ಶೇಖವ್ವ ತಾನಾಗಿಯೇ ಎದ್ದು ಬಂದು, "ಹೆಣ್ಣಮಕ್ಕಳ ಎಲುಬು ಹಂಗ ಇರತಾವ, ಸಾವಕಾಶ ಆಡವಾ," ಎಂದು ಅವಳ ತಲೆ ಸವರಿ ಹೋದಳು. ಅವರು ಅಷ್ಟೂ ಮಂದಿ ತನ್ನನ್ನು ನಂಬಿದರು. ನಂಬದ ಒಬ್ಬನು ಪಕ್ಕದಲ್ಲಿ ನಿಂತು ಅವಳ ರ‍್ಯಾಕೆಟ್ಟು ಹಿಡಿದಿದ್ದ. ಅವನ ಮುಖವನ್ನು ಮತ್ತೆ ನೋಡಲು ಅವಳಿಗೆ ಧೈರ್ಯ ಬರಲಿಲ್ಲ. ಎಷ್ಟು ದಿನದಿಂದ ಎಣ್ಣೆ ಬೆಚ್ಚಗೆ ಮಾಡುತ್ತಿದ್ದಾನೆ, ಗೊತ್ತಿದ್ದೂ? ಅವನು ಎಣ್ಣೆ ತಿಕ್ಕುವಾಗ ತಾನು ಕಣ್ಣು ಮುಚ್ಚಿ ಸಣ್ಣಗೆ ನರಳಿದ್ದೆಲ್ಲ ಒಂದೊಂದಾಗಿ ನೆನಪಾಗಿ, ಸಂತೆಯಲ್ಲಿ ಉಟ್ಟದ್ದು ಕಳಚಿಬಿದ್ದಂತೆ ಕಿವಿಯವರೆಗೂ ಬಿಸಿಯೇರಿತು. ತಾನು ಮೋಸ ಮಾಡುತ್ತಿದ್ದೇನೆ ಎಂಬುದರಲ್ಲಿ ಒಂದು ಜಂಬವಾದರೂ ಇತ್ತು. ಈಗ ಅದೂ ಇಲ್ಲ. ಸುನಿತಾಗೆ ತಾನು ಗೇಮು ಬಿಟ್ಟಂತೆ, ಅವನು ತನಗೆ ದಿನಾ ಬೆಳಿಗ್ಗೆ ಬಿಡುತ್ತ ಬಂದಿದ್ದ.

ಎರಡನೆಯ ಸೆಟ್ಟಿನ ಮೊದಲ ಕೆಲವು ಚೆಂಡುಗಳು ಅವಳ ಸೊಂಟದ ಎತ್ತರಕ್ಕೆ, ಮೆತ್ತಗೆ, ಕೈಗೆ ಇಟ್ಟಂತೆ ಬಂದವು. ಎತ್ತರದ ಚೆಂಡು ಬಂದರೆ ಭುಜಕ್ಕೆ ನೋವಾದೀತೆಂದು ಆ ಹುಡುಗಿ ಹಾಗೆ ಹೊಡೆಯುತ್ತಿದ್ದಳು. ಅದು ಅರ್ಥವಾದದ್ದೇ ಸುಧಾರಾಣಿಗೆ ತಡೆಯಲಾಗಲಿಲ್ಲ. ಸರ್ವ್ ಅವಳದು. ಚೆಂಡನ್ನು ಮೇಲೆಸೆದಳು, ಬೇಕಾದ್ದಕ್ಕಿಂತ ಎತ್ತರಕ್ಕೆ. ಆಕಾಶದಲ್ಲಿ ಅದು ನಿಂತಂತೆ ಕಂಡಾಗ ಕೈ ತಾನಾಗಿ ಬೆನ್ನ ಹಿಂದೆ ಇಳಿದು, ಸುತ್ತಿ, ಪೂರ್ತಿ ನೀಳವಾಗಿ ಮೇಲೆದ್ದಿತು. ಹೊಡೆತದ ಸದ್ದು ಲೂಮಿನ ಸದ್ದನ್ನು ಮೀರಿ ಕೇಳಿತು. ಸುನಿತಾ ಅಲುಗಲೂ ಇಲ್ಲ. ಚೆಂಡು ಹೋದ ಕಡೆ ನೋಡಿ, ಮತ್ತೆ ಸುಧಾರಾಣಿಯನ್ನು ನೋಡಿದಳು.  ಅದಾದ ಮೇಲೆ ಸುಧಾರಾಣಿ ಯಾರನ್ನೂ ನೋಡಲಿಲ್ಲ. ಹೊಡೆದಳು. ಹುಡುಗಿ ಎಡಕ್ಕೆ ಓಡಿದರೆ ಬಲಕ್ಕೆ, ಮುಂದೆ ಬಂದರೆ ತಲೆಯ ಮೇಲಿಂದ, ಬ್ಯಾಕ್‌ಹ್ಯಾಂಡ್ ದುರ್ಬಲವೆಂದು ಗೊತ್ತಾದ ಮೇಲೆ ಬಿಡದೆ ಅದಕ್ಕೇ. ಇದು ಖರೆ, ಇದು ಖರೆ ಎಂದು ಪ್ರತಿ ಹೊಡೆತವೂ ಹೇಳುತ್ತಿರುವಂತೆ ಮೊದಮೊದಲು ಅನಿಸಿತು. ಆಮೇಲೆ, ಖರೆ ಹೇಳಬೇಕಾದದ್ದು ಯಾರಿಗೆ, ಹೇಳುತ್ತಿರುವುದು ಯಾರ ಮೈಮೇಲೆ ಎಂಬ ವಿಚಾರ ಒಂದು ಸಲ ಬಂತು. ಆಗಲೂ ಕೈ ನಿಲ್ಲಲಿಲ್ಲ. ಶೇಖವ್ವನ ಚಪ್ಪಾಳೆ ಯಾವಾಗಲೋ ನಿಂತಿತ್ತು. ಓಣಿಯ ಹೆಂಗಸರಲ್ಲಿ ಒಬ್ಬಳು "ನಡೀರಿ, ಒಲಿ ಮ್ಯಾಲೆ ಬ್ಯಾಳಿ ಇಟ್ಟು ಬಂದೇನಿ" ಎಂದು ಎದ್ದಳು. ಉಳಿದವರೂ ಎದ್ದರು. ಆರು–ಸೊನ್ನೆ.

ನೆಟ್ಟಿನ ಹತ್ತಿರ ಕೈ ಕೊಡಲು ಬಂದಾಗ ಸುನಿತಾಳ ಕಣ್ಣು ತುಂಬಿತ್ತು, ಆದರೆ ದನಿ ಗಟ್ಟಿಯಾಗಿತ್ತು. "ಈಗ ಆಡಿದ್ರಿ ನೋಡ್ರಿ. ಮೊದಲಿಂದ ಹಿಂಗ ಹೊಡದಿದ್ರ ನನಗ ಇಷ್ಟ ನಾಚಿಕಿ ಆಗ್ತಿರಲಿಲ್ರಿ ಅಕ್ಕಾರ," ಎಂದಳು. ಕೈಯನ್ನು ಸರಿಯಾಗಿ ಹಿಡಿದು ಒಮ್ಮೆ ಕುಲುಕಿ, ತಿರುಗಿ ನೋಡದೆ ಹೋದಳು.

ಮಲೀಕಸಾಬರು ಎದ್ದು ಬಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. "ಮೇಡಂ, ನೀವು ಮೂರೂವರಿ. ಖರೆ ಹೇಳಬೇಕಂದ್ರ ಅದಕ್ಕಿಂತ ಒಂಚೂರು ಮ್ಯಾಲ. ಈ ವರ್ಷದ್ದು ಎಲ್ಲಾ ತಗೀಬೇಕಾಗ್ತೈತಿ. ಆರಾಮ ಆಗೀರಿ, ಅದಕ್ಕ ಸಂತೋಷ." ಶಹರಬಾನು ದೂರದಲ್ಲಿ ಚೆಂಡುಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ಸುಧಾರಾಣಿ ಹತ್ತಿರ ಹೋಗಿ ನಿಂತಳು. "ಶಹರಬಾನು, ನಂದು ತಪ್ಪಾತು," ಎಂದಳು. ಆಕೆ ತಲೆಯೆತ್ತಲಿಲ್ಲ. "ನೀವು ಸೋತಿದ್ರೂ ನಡೀತಿತ್ರಿ, ಸ್ವಲ್ಪ ಗೆದ್ದಿದ್ರೂ ನಡೀತಿತ್ರಿ. ಎರಡೂ ಮಾಡಲಿಲ್ಲ ನೀವು," ಎಂದು ಡಬ್ಬಿಯ ಮುಚ್ಚಳ ಒತ್ತಿದಳು. ಬರುವಾಗ ಕಾರಿನಲ್ಲಿ ಬರ್ರಿ ಎಂದು ಕರೆದರೆ, ಬಸ್ಸು ಇದೆ ಎಂದಳು.

ಕಾರು ಹುನಗುಂದ ದಾಟಿತು. ಎರಡೂ ಬದಿಯ ಕಡಲೆ ಹೊಲಗಳ ಮೇಲೆ ಬಿಸಿಲು ಬೆಳ್ಳಗೆ ಬಿದ್ದಿತ್ತು. ಸುಧಾರಾಣಿ ಭುಜದಲ್ಲಿ ನೋವನ್ನು ಹುಡುಕಿದಳು. ಅಷ್ಟು ಹೊಡೆದ ಮೇಲೆ ಎಲ್ಲಾದರೂ ಸ್ವಲ್ಪ ಇರಬೇಕಿತ್ತು. ಇರಲಿಲ್ಲ. ಬರೀ ದಣಿವು, ಆರೋಗ್ಯವಂತರ ದಣಿವು. ಇದು ಅವಳನ್ನು ಹೆದರಿಸಿತು. ಕೊನೆಗೆ ಅವಳೇ ಕೇಳಿದಳು: "ನಿಮಗ ಯಾವಾಗ ಗೊತ್ತಾತು?"

ಬೀರಲಿಂಗ ದಾರಿಯಿಂದ ಕಣ್ಣು ತೆಗೆಯಲಿಲ್ಲ. "ದೀಪಾವಳಿಗೆ. ಅಟ್ಟದ ಮ್ಯಾಲಿಂದ ಹಿತ್ತಾಳಿ ಹಂಡೆ ಇಳಸಿದಿ. ಬಲಗೈಲೆ. ನಾ ಬಾಗಲದಾಗ ನಿಂತಿದ್ದೆ."

"ಏನೂ ಅನ್ನಲಿಲ್ಲ ನೀವು."

"ನೀ ತಿರುಗಿ ನೋಡೂದರಾಗ ಹೊರಗ ಹೋದೆ."

ಅವಳು ಅದನ್ನು ಕಂಡಳು: ಬಾಗಿಲಲ್ಲಿ ನಿಂತವನು, ಚಪ್ಪಲಿ ಸದ್ದಾಗದಂತೆ ಹಿಂದಕ್ಕೆ ಸರಿದು, ಅಂಗಳದಲ್ಲಿ ಹೋಗಿ ನಿಂತದ್ದು. ಮತ್ತೆ ಒಳಗೆ ಬರುವ ಮುಂಚೆ ಅವನು ಸುಮ್ಮಸುಮ್ಮನೆ ಕೆಮ್ಮಿರಬೇಕು. "ಗೊತ್ತಿದ್ದೂ ಮತ್ತ ದಿನಾ ಯಾಕ ಕೇಳ್ತಿದ್ರಿ?" ಎಂದಳು. ದನಿ ಏರಿತ್ತು, ಜಗಳಕ್ಕೆ ಸಿದ್ಧವಾದ ದನಿ.  ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಬಂತು, ಅವನು ಪಕ್ಕಕ್ಕೆ ನಿಲ್ಲಿಸಿ ಅದನ್ನು ಹೋಗಗೊಟ್ಟ. ಆಮೇಲೂ ಕಾರು ಎತ್ತಲಿಲ್ಲ.

"ಬ್ಯಾರೆ ಏನ್ ಕೇಳಬೇಕಂತ ತಿಳೀಲಿಲ್ಲ," ಎಂದ.

ಅವಳ ಜಗಳ ಅಲ್ಲಿಗೇ ಮುಗಿಯಿತು. ಆ ಮಾತಿನಲ್ಲಿ ಆಪಾದನೆ ಇರಲಿಲ್ಲ, ಕನಿಕರವೂ ಇರಲಿಲ್ಲ. ಮೂಕ ಪ್ರಾಣಿಗಳ ನಡುವೆ ದುಡಿದವನೊಬ್ಬ ತನಗೆ ಬಾರದ ವಿದ್ಯೆಯೊಂದನ್ನು ಬಾರದು ಎಂದು ಹೇಳಿದ್ದ, ಅಷ್ಟೇ. ಅವನಿಗೂ ಆ ಮುರಿದ ಎಲುಬೇ ಬೇಕಾಗಿತ್ತು. ಇಬ್ಬರೂ ಅದರ ಎರಡು ತುದಿ ಹಿಡಿದು, ಬಿಟ್ಟರೆ ಎಲ್ಲಿ ಬೀಳುತ್ತೇವೋ ಎಂದು ಕೂತಿದ್ದರು. ಈಗ ಬಿಟ್ಟಾಗಿತ್ತು. ಕಾರು ಮತ್ತೆ ಹೊರಟಿತು. ಅಮೀನಗಡದ ಅಂಗಡಿಗಳ ಬೋರ್ಡುಗಳು ಕಾಣತೊಡಗಿದವು. ಅವಳು ಕಿಟಕಿಯ ಕಡೆ ಮುಖ ಮಾಡಿ ಕಾಯುತ್ತಿದ್ದಳು. ಏನನ್ನು ಕಾಯುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅವನು ಎರಡು ಸಲ ಗಂಟಲು ಸರಿಮಾಡಿಕೊಂಡ. ತಡವರಿಸುತ್ತ, ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿದ ಹುಡುಗನಂತೆ, ಕೇಳಿದ:

"ಆ ಹುಡುಗಿ... ಕೈ ಕೊಡೂವಾಗ ನಿನಗೇನೋ ಅಂದ್ಲಲ್ಲ. ಏನಂದ್ಲು?"

ಏನಿಲ್ಲ ಎನ್ನುವ ಮಾತು ನಾಲಿಗೆಯ ಮೇಲೆ ಬಂದಿತ್ತು. ಹದಿನಾರು ವರ್ಷ ಈ ಮನೆಯಲ್ಲಿ ಅತ್ತಲಿಂದಲೂ ಇತ್ತಲಿಂದಲೂ ಓಡಾಡಿದ ಮಾತು. ಅದನ್ನು ನುಂಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಸುನಿತಾ ಅಂದದ್ದನ್ನು ಅಂದಂತೆಯೇ, ನಾಚಿಕೆ ಎನ್ನುವ ಶಬ್ದವನ್ನೂ ಬಿಡದೆ, ಹೇಳಿದಳು. 

ಬೀರಲಿಂಗ ಕೇಳಿಸಿಕೊಂಡ. ಅವಳನ್ನು ಸಮಾಧಾನ ಮಾಡಲಿಲ್ಲ.

"ಆಕಿ ಅಂದದ್ದು ಖರೆ ಐತಿ," ಎಂದ. ಸ್ವಲ್ಪ ದೂರ ಹೋದ ಮೇಲೆ, "ಮುಂದಿನ ಐತ್ವಾರ ಆಕಿ ಮನಿಗೆ ಹೋಗಿ ಬರೂಣೇನು?" ಎಂದು ಕೇಳಿದ.

 "ಬಾಗಲಾ ತಗೀತಾಳೋ ಇಲ್ಲೋ," ಎಂದಳು.

"ತಗೀಲಿಲ್ಲಂದ್ರ ನಿಂದ್ರೂಣು," ಎಂದ ಅವನು.